ಮುಚ್ಚಳವಿಲ್ಲದ ಡಬ್ಬಿಗಳು

ಸಂಜೆ ಆರಾಗುತ್ತಲೇ ಆ ಮನೆಯಿಂದ ಇಬ್ಬರು ಹೆಂಗಸರು ಚಪ್ಪಲಿ ಮೆಟ್ಟಿ ಹೊರಡುತ್ತಿದ್ದರು; ಇಬ್ಬರು ಗಂಡಸರು ಒಲೆಯ ಮುಂದೆ ನಿಂತು ಒಬ್ಬರ ಮುಖವನ್ನೊಬ್ಬರು ನೋಡಿಕೊಳ್ಳುತ್ತಿದ್ದರು. ಹೊರಟವರಲ್ಲಿ ಸೊಸೆ ಪಾಠ ಹೇಳುವವಳು, ಅತ್ತೆ ಪಾಠ ಹೇಳಿಸಿಕೊಳ್ಳುವವರು. ಮನೆಯಲ್ಲಿ ಅತ್ತೆ ಅವಳನ್ನು 'ನೀನು' ಎನ್ನುತ್ತಿದ್ದರು. ಟೈರ್ ಅಂಗಡಿಯ ಮಹಡಿ ಹತ್ತಿ ತರಗತಿಯ ಹೊಸ್ತಿಲು ದಾಟಿದರೆ ಅದೇ ಬಾಯಲ್ಲಿ 'ನೀವು' ಬರುತ್ತಿತ್ತು. ತರಗತಿ ಮುಗಿದು ಮೆಟ್ಟಿಲಿಳಿಯುವಾಗ ಮೂರನೆಯ ಮೆಟ್ಟಿಲಿಗೆಲ್ಲ ಅವಳು ಮತ್ತೆ 'ನೀನು' ಆಗಿರುತ್ತಿದ್ದಳು.

ಸೊಸೆ ಹಗಲು ಹೊತ್ತು ಒಂದು ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ಸಹಾಯಕಿ. ಬೀಕರು ತೊಳೆಯುವುದು, ಸೀಸೆಗಳಿಗೆ ಚೀಟಿ ಅಂಟಿಸುವುದು ಅವಳ ಕೆಲಸ. ಆ ಅಭ್ಯಾಸ ಮನೆಗೂ ಹರಿದುಬಂದು, ಅಡುಗೆಮನೆಯ ಪ್ರತಿಯೊಂದು ಡಬ್ಬಿಯ ಮೇಲೂ ಅದರ ಹೆಸರು ಅಂಟಿಕೊಂಡಿತ್ತು. ಸಂಜೆ ಅವಳು ವಯಸ್ಕರ ತರಗತಿಯ ಶಿಕ್ಷಕಿ: ಎಂದೋ ಅರ್ಧಕ್ಕೆ ಶಾಲೆ ಬಿಟ್ಟವರನ್ನು ಹತ್ತನೇ ತರಗತಿಯ ಪರೀಕ್ಷೆಗೆ ಕೂರಿಸಬೇಕು. ಅತ್ತೆ ಒಂದು ವಿದ್ಯಾರ್ಥಿನಿಲಯದ ಅಡುಗೆಯವರು. ನಿಂತು ನಿಂತು ಮಂಡಿ ಸವೆದಿತ್ತು. ಅಲ್ಲಿಯ ದಾಸ್ತಾನು ಕೋಣೆಯ ಕೆಲಸ ಸದ್ಯದಲ್ಲೇ ಖಾಲಿಯಾಗಲಿತ್ತು. ಅದು ಕುರ್ಚಿಯ ಮೇಲೆ ಕೂತು ಮಾಡುವ ಕೆಲಸ. ಹತ್ತನೇ ತರಗತಿ ಪಾಸಾಗಿದ್ದರೆ ಮಾತ್ರ ಆ ಕುರ್ಚಿ.

ಮಾವನಿಗೆ ಇದು ಸುತರಾಂ ಒಪ್ಪಿಗೆಯಿರಲಿಲ್ಲ. ಗಡಿಯಾರ ರಿಪೇರಿಯ ಅಂಗಡಿ ಮುಚ್ಚಿ ಬರುವ ಹೊತ್ತಿಗೆ ಬಿಸಿ ಊಟ ಸಿದ್ಧವಿರಬೇಕೆಂಬುದು ಅವರು ಮದುವೆಯಾದಂದಿನಿಂದ ನಡೆದುಬಂದ ಕ್ರಮ. ಈಗ ಅಡುಗೆ ಅವರ ಪಾಲಿಗೂ ಮಗನ ಪಾಲಿಗೂ ಬಂದಿತ್ತು.

ಒಂದು ದಿನ ಊಟಕ್ಕೆ ಕೂತಾಗ ಅವರು ತಟ್ಟೆಯಿಂದ ಆಮ್ಲೆಟ್ಟಿನ ತುಂಡೊಂದನ್ನು ಎತ್ತಿ, ಹಳೇ ಗಡಿಯಾರದ ಚಕ್ರವನ್ನು ಪರೀಕ್ಷಿಸುವಂತೆ ದೀಪಕ್ಕೆ ಹಿಡಿದರು.

"ಇದು ಮೊಟ್ಟೆಯೋ, ಪಂಕ್ಚರ್ ಹಾಕೋ ರಬ್ಬರ್ ತುಂಡೋ?"

"ಅಪ್ಪ, ಮೊಟ್ಟೆ ಒಡೆದದ್ದು ನೀವು. ನಾನು ಬರೀ ಮಗುಚಿದೆ," ಎಂದ ಗಂಡ. ಅವನು ಸಾಮಾನು ಸಾಗಿಸುವ ವ್ಯಾನಿನ ಚಾಲಕ. ತಪ್ಪು ಯಾವಾಗಲೂ ಎದುರಿನ ಗಾಡಿಯದು.

"ಮಗುಚೋ ಹೊತ್ತಿಗೆ ಮಗುಚಬೇಕು. ಅದಕ್ಕೂ ಒಂದು ಟೈಮ್ ಇರತ್ತೆ."

"ತಾತ, ನಿಮಗೆ ಬೇಡ ಅಂದ್ರೆ ನನಗೆ ಕೊಡಿ," ಎಂದಳು ಮೊಮ್ಮಗಳು. ಹೈಸ್ಕೂಲಿನವಳು, ಮನೆಯಲ್ಲಿ ಎಲ್ಲರಿಗೂ 'ಚೂಟಿ'. "ನನ್ನ ಶೂಗೆ ಅಟ್ಟೆ ಹಾಕಿಸ್ಕೋಬೇಕು."

ಅತ್ತೆ ನಗು ತಡೆದುಕೊಂಡು ಅನ್ನ ಕಲಸಿದರು. ಮಾವ ಅವರ ಕಡೆ ತಿರುಗಿದರು.

"ನಗು ನಗು. ಈ ವಯಸ್ಸಲ್ಲಿ ಸಮೀಕರಣ ಕಲಿತು ಯಾವ ಕೋಟೆ ಗೆಲ್ಲಬೇಕಾಗಿದೆ ನಿನಗೆ?"

"ಕೋಟೆ ಬೇಡ ರೀ. ಒಂದು ಕುರ್ಚಿ ಗೆದ್ದರೆ ಸಾಕು."

ಸೊಸೆ ಈ ಮಾತಿಗೆ ತಲೆ ಎತ್ತಲಿಲ್ಲ. ಅವಳ ತಲೆಯಲ್ಲಿ ಮಧ್ಯಾಹ್ನ ಬಂದುಹೋದ, ಸಂಜೆಯ ತರಗತಿ ನಡೆಸುವ ಸಂಸ್ಥೆಯ ಮೇಲ್ವಿಚಾರಕರ ಮಾತು ಕೊರೆಯುತ್ತಿತ್ತು. ವರ್ಷದ ಆರಂಭದಲ್ಲಿ ಬೆಂಚು ಸಾಲದಷ್ಟು ಜನ ಬಂದಿದ್ದರು. ಈಗ ಹನ್ನೊಂದು ಮಂದಿ ಬಂದರೆ ಹೆಚ್ಚು. 'ಪರೀಕ್ಷೆಗೆ ಹದಿನೈದು ಜನ ಕೂರದಿದ್ದರೆ ಕೇಂದ್ರ ಮುಚ್ಚಬೇಕಾಗುತ್ತಮ್ಮ. ನನ್ನ ಕೈಲಿ ಏನೂ ಇಲ್ಲ. ಪ್ರೋತ್ಸಾಹಕ್ಕೆ ಅಂತ ಒಂದಿಷ್ಟು ಹಣ ಇದೆ, ಏನಾದರೂ ಹಂಚಿ ನೋಡಿ,' ಎಂದು ಅವರು ಹೇಳಿ ಹೋಗಿದ್ದರು. ಕೇಂದ್ರ ಮುಚ್ಚಿದರೆ ಅತ್ತೆ ಪರೀಕ್ಷೆ ಬರೆಯಲು ಊರಾಚೆಗೆ ಎರಡು ಬಸ್ಸು ಬದಲಾಯಿಸಿ ಹೋಗಬೇಕು. ಆ ಮಂಡಿಯಲ್ಲಿ ಅದು ಆಗುವ ಮಾತಲ್ಲ.

ಪ್ರೋತ್ಸಾಹದ ಒಂದು ಪ್ರಯೋಗವನ್ನು ಅವಳು ಆಗಲೇ ಮಾಡಿ ಕೈ ಸುಟ್ಟುಕೊಂಡಿದ್ದಳು. ದೊಡ್ಡ ಹಾಳೆಯ ಮೇಲೆ ಗೆರೆ ಎಳೆದು, ಎಲ್ಲರ ಹೆಸರು ಬರೆದು, ಬಂದ ದಿನಕ್ಕೊಂದು ಬಂಗಾರದ ಬಣ್ಣದ ನಕ್ಷತ್ರ ಅಂಟಿಸುವ ಏರ್ಪಾಡು. ಬೀದಿಯ ಮೂಲೆಯಲ್ಲಿ ಬಟ್ಟೆಗೆ ಇಸ್ತ್ರಿ ಹಾಕುವ, ಎಲ್ಲರೂ 'ಇಸ್ತ್ರಿ ಅಣ್ಣ' ಎನ್ನುವ ಹಿರಿಯ ಆ ಹಾಳೆಯನ್ನು ಬಹಳ ಹೊತ್ತು ನೋಡಿದ್ದರು.

"ಟೀಚರ್, ನಮ್ಮ ಮೊಮ್ಮಗನ ಗೋಡೆ ಮೇಲೂ ಇಂಥದ್ದೇ ಒಂದಿದೆ. ರಾತ್ರಿ ಹಾಸಿಗೆ ಒದ್ದೆ ಮಾಡದಿದ್ರೆ ಬೆಳಿಗ್ಗೆ ಅವನಿಗೂ ಒಂದು ನಕ್ಷತ್ರ."

ತರಗತಿಯೆಲ್ಲ ನಕ್ಕಿತ್ತು. ಮರುದಿನ ಇಸ್ತ್ರಿ ಅಣ್ಣ ಬರಲಿಲ್ಲ. ಅದರ ಮರುದಿನ ಅವರ ಪಕ್ಕದಲ್ಲಿ ಕೂರುತ್ತಿದ್ದವರೂ ಬರಲಿಲ್ಲ. ಹಾಳೆ ಸುರುಳಿಯಾಗಿ ಬೀರುವಿನ ಹಿಂದೆ ಸೇರಿತು.

"ದೊಡ್ಡವರಿಗೆ ದೊಡ್ಡವರ ವಸ್ತು ಕೊಡ್ಬೇಕು ಕಣೇ," ಎಂದ ಗಂಡ ಆ ರಾತ್ರಿ, ಅವಳ ಮಾತೆಲ್ಲ ಕೇಳಿ ತಟ್ಟೆ ತೊಳೆಯುತ್ತ. "ನಾನು ಸಾಮಾನು ಹಾಕೋ ಸ್ಟೀಲ್ ಅಂಗಡೀಲಿ ಡಬ್ಬಿ ಇವೆ. ಒಳ್ಳೇ ದಪ್ಪ ತಗಡು. ಸಗಟಿನಲ್ಲಿ ಕೇಳಿದ್ರೆ ಅರ್ಧ ಬೆಲೆಗೆ ಕೊಡ್ತಾನೆ."

"ಮುಚ್ಚಳ ಬಿಗಿಯಾಗಿರತ್ತಾ?" ಎಂದು ಅತ್ತೆ ಕೇಳಿದರು.

"ಅಮ್ಮ, ಗಾಳಿ ಕೂಡ ಪರ್ಮಿಷನ್ ಕೇಳಿ ಒಳಗೆ ಹೋಗ್ಬೇಕು, ಅಷ್ಟು ಬಿಗಿ."

ಡಬ್ಬಿಗಳು ಬಂದವು. ಒಂದರೊಳಗೊಂದನ್ನು ತುರುಕಿ, ಹಗ್ಗ ಬಿಗಿದು, ಆಳೆತ್ತರದ ಕಂಬಗಳಂತೆ ನಿಲ್ಲಿಸಿದ್ದರು. ಸೊಸೆ ಹಗ್ಗ ಬಿಚ್ಚಿ ಒಂದೊಂದನ್ನೇ ಹೊರಗೆಳೆದು ಸಾಲಾಗಿ ಇಟ್ಟಳು. ಕೊನೆಯದನ್ನು ಇಟ್ಟು ಸೊಂಟ ನೆಟ್ಟಗೆ ಮಾಡಿ ಗಂಡನನ್ನು ನೋಡಿದಳು.

"ಮುಚ್ಚಳ ಎಲ್ಲಿ?"

"ಅದರಲ್ಲೇ ಇರತ್ತೆ, ನೋಡು."

"ಇಲ್ಲ."

"ಕೆಳಗೆ ಎಲ್ಲಾದರೂ..."

"ರೀ, ಡಬ್ಬಿಯೊಳಗೆ ಡಬ್ಬಿ ಇದೆ. ಮುಚ್ಚಳ ಎಲ್ಲೂ ಇಲ್ಲ. ನೀವು ತರುವಾಗ ನೋಡ್ಲಿಲ್ವಾ?"

ಗಂಡ ಫೋನು ಹಚ್ಚಿದ. ಮುಚ್ಚಳಗಳು ಬೇರೊಂದು ಗೋದಾಮಿನಿಂದ ಬರಬೇಕಂತೆ, ಇವತ್ತೋ ನಾಳೆಯೋ ಮುಂದಿನ ವಾರವೋ ಬರುತ್ತವಂತೆ. ಮಾವ ಕುರ್ಚಿಯಲ್ಲಿ ಕೂತಲ್ಲಿಂದಲೇ ಹೇಳಿದರು: "ಟೋಪಿ ಹಾಕಿದ್ದಾನೆ ಅಂತ ಹೇಳೋಣ ಅಂದ್ರೆ, ಟೋಪಿಯನ್ನೂ ಕೊಟ್ಟಿಲ್ಲವಲ್ಲೋ!"

ಅಷ್ಟರಲ್ಲಿ 'ತಿಂಗಳು ಪೂರ್ತಿ ಬಂದವರಿಗೆ ಒಳ್ಳೆಯ ಬಹುಮಾನ' ಎಂಬ ಸುದ್ದಿ ಬೀದಿಗೆಲ್ಲ ಹಬ್ಬಿಯಾಗಿತ್ತು. ಬಿಟ್ಟುಹೋದವರಲ್ಲಿ ಕೆಲವರು ಮರಳಿ ಬಂದಿದ್ದರು. ಇಸ್ತ್ರಿ ಅಣ್ಣನೂ ಬಂದು ಹಳೆಯ ಜಾಗದಲ್ಲೇ ಕೂತಿದ್ದರು. ಹಂಚುವ ದಿನ ಸೊಸೆ ನಾಚಿಕೆಯಿಂದ ಮುದುಡಿಹೋಗಿ ಬೋಳು ಡಬ್ಬಿಗಳನ್ನು ಕೊಟ್ಟಳು. ಯಾರೋ ಡಬ್ಬಿಯನ್ನು ತಲೆಕೆಳಗು ಮಾಡಿ ನೋಡಿದರು.

"ಮುಚ್ಚಳ ಬಂದ ಕೂಡಲೇ ಇಲ್ಲೇ ಕೊಡ್ತೀನಿ," ಎಂದಳು ಅವಳು ಗಡಿಬಿಡಿಯಲ್ಲಿ. "ಯಾವತ್ತು ಬರತ್ತೋ ಗೊತ್ತಿಲ್ಲ. ಬಂದ ದಿನ ತರಗತಿಯಲ್ಲಿ ಯಾರು ಇರ್ತಾರೋ ಅವರು ತಗೊಂಡು ಹೋಗಬಹುದು."

ಮುಂದಾಲೋಚನೆಯಿಲ್ಲದೆ ಬಾಯಿಂದ ಜಾರಿದ ಮಾತು ಅದು. ಯೋಜನೆ ಹಾಕಿ, ಗೆರೆ ಎಳೆದು, ಬಣ್ಣ ಅಂಟಿಸಿದ ಹಾಳೆ ಮಾಡಲಾಗದ ಕೆಲಸವನ್ನು ಆ ಮಾತು ಮಾಡಿತು.

ಆ ಡಬ್ಬಿಗಳಿಗೆ ಬೇರೆ ಯಾವ ಮುಚ್ಚಳವೂ ಕೂರುತ್ತಿರಲಿಲ್ಲ. ತಟ್ಟೆ ಮುಚ್ಚಿದರೆ ಜಾರುತ್ತಿತ್ತು; ಬಟ್ಟೆ ಕಟ್ಟಿದರೆ ಸಡಿಲವಾಗುತ್ತಿತ್ತು. ಅಂಥ ಹೊಳೆಯುವ ಡಬ್ಬಿಯನ್ನು ಖಾಲಿ ಇಡಲು ಯಾರಿಗೂ ಮನಸ್ಸಿಲ್ಲ. ಒಂದು ಮನೆಯಲ್ಲಿ ಅಕ್ಕಿ, ಇನ್ನೊಂದರಲ್ಲಿ ಬಿಸ್ಕತ್ತು, ಮತ್ತೊಂದರಲ್ಲಿ ಬೇಳೆ. ಬಿಸ್ಕತ್ತು ಮೆತ್ತಗಾಯಿತು, ಬೇಳೆಗೆ ಹುಳು ಬಿತ್ತು, ಮನೆಮಂದಿಯ ಕಣ್ಣೆಲ್ಲ ಗೋಡೆಯ ಗಡಿಯಾರದ ಮೇಲೆ ನೆಟ್ಟಿತು.

ಆರು ಹೊಡೆದು ಹತ್ತು ನಿಮಿಷವಾಗುವಾಗ ಸೊಸೆ ಇಸ್ತ್ರಿ ಅಣ್ಣನ ಮೇಜಿನ ಪಕ್ಕದಲ್ಲೇ ಹಾದುಹೋಗಬೇಕಾಗಿತ್ತು. ಒಂದು ಸಂಜೆ ಅವರ ಹೆಂಡತಿ ಗಂಡನ ಕೈಯಿಂದ ಇಸ್ತ್ರಿಪೆಟ್ಟಿಗೆ ಕಿತ್ತುಕೊಳ್ಳುತ್ತಿರುವುದು ಕಂಡಿತು.

"ನಡೀರಿ, ನಡೀರಿ! ಮುಚ್ಚಳ ಬಂದ ದಿನ ನೀವು ಇಲ್ದೇ ಹೋದ್ರೆ, ಆ ಡಬ್ಬೀನ ನಿಮ್ಮ ತಲೆ ಮೇಲೇ ಕವುಚ್ತೀನಿ."

"ಇನ್ನೂ ನಾಲ್ಕು ಷರ್ಟ್ ಇದೆ ಕಣೇ."

"ಷರ್ಟಿಗೆ ಕಾಲಿದ್ಯಾ ಓಡಿಹೋಗೋಕೆ? ನಾನು ಮಾಡ್ತೀನಿ, ಹೋಗಿ."

ತರಗತಿಯ ಟೈಲರಮ್ಮನ ಕಥೆಯೂ ಅದೇ. ಆಕೆ ಮೊದಲು ವಾರಕ್ಕೆರಡು ದಿನ ಬಂದರೆ ದೊಡ್ಡದು; ಆಕೆಯ ಅತ್ತೆಗೆ ಸೊಸೆ ಹೊಲಿಗೆಯಂತ್ರ ಬಿಟ್ಟು ಏಳುವುದೇ ಸೇರುತ್ತಿರಲಿಲ್ಲ. ಈಗ ಅದೇ ಅತ್ತೆ, 'ಅರ್ಧ ಡಬ್ಬಿ ತಂದು ಮನೇಲಿ ಇಟ್ಕೊಂಡಿದ್ದೀಯಲ್ಲ, ಉಳಿದರ್ಧ ಯಾರು ತರ್ತಾರೆ?' ಎಂದು ದಿನವೂ ಎಬ್ಬಿಸಿ ಕಳಿಸುತ್ತಿದ್ದರು.

ಇತ್ತ ಸ್ವಂತ ಮನೆಯಲ್ಲಿ ಸಕ್ಕರೆಯ ಹಳೆಯ ಡಬ್ಬಿ ತುಕ್ಕು ಹಿಡಿದದ್ದರಿಂದ ಅತ್ತೆ ಸಕ್ಕರೆಯನ್ನು ತಮ್ಮ ಪಾಲಿನ ಹೊಸ ಡಬ್ಬಿಗೆ ಸುರಿದಿದ್ದರು. ಸೊಸೆ ಕೂಡಲೇ 'ಸಕ್ಕರೆ' ಎಂದು ಚೀಟಿ ಅಂಟಿಸಿದಳು.

"ಚೆನ್ನಾಗಿ ಮಾಡ್ದೆ ಅಮ್ಮ," ಎಂದಳು ಚೂಟಿ. "ಇರುವೆಗಳು ಪಾಪ, ಹುಡುಕ್ತಾ ಇದ್ವು."

ಮಾವನ ಬೆಳಗಿನ ಟೀಯಲ್ಲಿ ಇರುವೆ ತೇಲಿತು. ಸಂಜೆಯ ಟೀಯಲ್ಲೂ ತೇಲಿತು. ಅವರು ಚಮಚದ ತುದಿಯಿಂದ ಒಂದೊಂದನ್ನೇ ಎತ್ತಿ ತಟ್ಟೆಯ ಅಂಚಿಗೆ ಒರೆಸಿದರು.

"ಏನೇ, ಆ ಮುಚ್ಚಳ ಈ ಜನ್ಮದಲ್ಲಿ ಬರತ್ತೋ?"

"ನನ್ನ ಕೇಳಿದ್ರೆ? ನಿಮ್ಮ ಮಗನ್ನ ಕೇಳಿ."

"ಅವನನ್ನ ಕೇಳಿ ಏನು ಪ್ರಯೋಜನ? ನೀನು ಒಂದು ದಿನವೂ ತಪ್ಪಿಸ್ಬೇಡ. ಹೋಗು, ಟೈಮಾಯ್ತು. ಮುಚ್ಚಳ ಇಲ್ದೆ ಮನೆಗೆ ಬರ್ಬೇಡ."

"ಬಂದಿಲ್ಲ ಅಂದ್ರೆ ಅಲ್ಲೇ ಮಲಗ್ಲಾ?"

"ಹೋಗು ಅಂದ್ರೆ ಹೋಗು!"

ಅತ್ತೆ ಚೀಲ ಹೆಗಲಿಗೇರಿಸಿ ಹೊರಟರು. ಸೊಸೆಗೆ ಆಶ್ಚರ್ಯವಾದದ್ದು ಮಾವನ ಕೂಗಾಟಕ್ಕಲ್ಲ. ಅತ್ತೆಯ ನಡಿಗೆಯಲ್ಲಿ ಆ ದಿನ ಕುಂಟು ಕಡಿಮೆಯಿತ್ತು.

ವಾರಗಳು ಉರುಳಿದವು. ತರಗತಿಯಲ್ಲಿ ಹದಿನೆಂಟು ಜನ ಖಾಯಂ ಆದರು. ಮನೆಯಲ್ಲಿ ಅಡುಗೆಯೂ ಒಂದು ಹದಕ್ಕೆ ಬಂತು. ಮಾವ ರಿಪೇರಿ ಮುಗಿದ ಗಿರಾಕಿಗಳ ಗಡಿಯಾರಗಳನ್ನು ಮನೆಗೆ ತಂದು, ಒಂದನ್ನು ಮೊಟ್ಟೆಗೆ, ಒಂದನ್ನು ಬೇಳೆಗೆ, ಒಂದನ್ನು ಅನ್ನಕ್ಕೆ ಇಡತೊಡಗಿದರು. 'ಗಡಿಯಾರದ ಪರೀಕ್ಷೆಯೂ ಆಯ್ತು, ಮೊಟ್ಟೆಯ ಪರೀಕ್ಷೆಯೂ ಆಯ್ತು' ಎಂಬುದು ಅವರ ಸಮರ್ಥನೆ. ಆಲೂಗಡ್ಡೆ ಮಾತ್ರ ಯಾವ ಗಡಿಯಾರಕ್ಕೂ ಬಗ್ಗದೆ ಆಗಾಗ ಸೀದುಹೋಗುತ್ತಿತ್ತು.

ಒಂದು ರಜೆಯ ಬೆಳಿಗ್ಗೆ ಸೊಸೆ ಪೊರಕೆ ಹಿಡಿದು ಅತ್ತೆ-ಮಾವನ ಕೋಣೆಗೆ ಹೋದಳು. ಆ ಕೋಣೆ ಗುಡಿಸುತ್ತಿದ್ದವರು ಅತ್ತೆ. ಮಂಡಿನೋವೆಂದು ಕೆಲವು ವಾರಗಳಿಂದ ಬಿಟ್ಟಿದ್ದರು. ಮಂಚದ ಕೆಳಗೆ ಪೊರಕೆ ಏನನ್ನೋ ತಾಕಿತು. ಎಳೆದಳು. ರಟ್ಟಿನ ಪೆಟ್ಟಿಗೆ, ಮೇಲೆ ಸ್ಟೀಲ್ ಅಂಗಡಿಯ ಮುದ್ರೆ. ಒಳಗೆ ಕಾಗದದ ಪದರಗಳ ನಡುವೆ ಮುಚ್ಚಳಗಳು, ಕನ್ನಡಿಯಂತೆ ಹೊಳೆಯುತ್ತ.

ಮಾವ ಕಿಟಕಿಯ ಬೆಳಕಿಗೆ ಕೂತು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೈಗಡಿಯಾರವೊಂದನ್ನು ಬಿಚ್ಚುತ್ತಿದ್ದರು. ಒಂದು ಕಣ್ಣಿನಿಂದ ಸೊಸೆಯನ್ನೂ ಪೆಟ್ಟಿಗೆಯನ್ನೂ ನೋಡಿದರು.

"ಮಾವ, ಇದೇನಿದು?"

"ಮೆಲ್ಲಗೆ ಮೆಲ್ಲಗೆ! ನಿಮ್ಮತ್ತೆಗೆ ಕೇಳಿಸತ್ತೆ."

"ಯಾವಾಗ ಬಂತು?"

"ಬಂದು ಸ್ವಲ್ಪ ದಿನ ಆಯ್ತು."

"ಎಷ್ಟು ದಿನ?"

"ಆಲೂಗಡ್ಡೆ ಸೀದುಹೋಯ್ತಲ್ಲ, ಅವತ್ತು."

"ಆಲೂಗಡ್ಡೆ ಮೂರು ಸಲ ಸೀದಿದೆ ಮಾವ."

ಮಾವ ಭೂತಗನ್ನಡಿ ತೆಗೆದು ಒರೆಸಿದರು. "ಮೊದಲನೇ ಸಲ."

ಅಂದರೆ ಇಷ್ಟು ಕಾಲ ಈ ಮನುಷ್ಯ, ಮುಚ್ಚಳಗಳ ಮೇಲೆಯೇ ಮಲಗಿ ಎದ್ದು, ಟೀಯಲ್ಲಿ ಇರುವೆ ತೇಲಿಸಿಕೊಂಡು ಕುಡಿದಿದ್ದಾರೆ. ಸೊಸೆಗೆ ಸಿಟ್ಟು ಬರಬೇಕೋ ನಗು ಬರಬೇಕೋ ತಿಳಿಯದಾಯಿತು.

"ಯಾಕೆ ಮಾವ?"

"ಯಾಕೆ ಅಂದ್ರೆ..." ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಬೆಳಿಗ್ಗೆ ಏಳುವಾಗ ಅವಳು ಗೋಡೆ ಹಿಡ್ಕೊಂಡು ಏಳ್ತಾಳೆ. ನಾನು ಎಚ್ಚರ ಇದ್ದೂ ಕಣ್ಣು ಮುಚ್ಕೊಂಡಿರ್ತೀನಿ, ನೋಡಿದೆ ಅಂತ ಗೊತ್ತಾದ್ರೆ ಅವಳಿಗೆ ಹಿಡಿಸಲ್ಲ. ಆ ಕುರ್ಚಿ ಅವಳಿಗೆ ಸಿಗ್ಬೇಕು ಕಣಮ್ಮ. ಮುಚ್ಚಳ ಕೈಗೆ ಬಂದ್ರೆ ನಿಂತುಬಿಡ್ತಾಳೇನೋ ಅಂತ..."

"ಹೋಗು, ಓದು ಅಂತ ನೇರವಾಗಿ ಹೇಳಬಹುದಿತ್ತಲ್ಲ."

"ಹೇಳಿದ್ರೆ, ಇಷ್ಟು ದಿನ ಬೈದದ್ದನ್ನೆಲ್ಲ ಎಲ್ಲಿ ಇಟ್ಕೊಳ್ಲಿ? ಮುಚ್ಚಳ ತಾ ಅನ್ನೋದು ಸುಲಭ."

ಗಂಡನಿಗೂ ಇದರಲ್ಲಿ ಪಾಲಿತ್ತು. ಪೆಟ್ಟಿಗೆ ಇಳಿಸಿದವನೇ ಅವನು. ಮಧ್ಯಾಹ್ನ ಅತ್ತೆ ಅಂಗಡಿಗೆ ಹೋದಾಗ ಅಡುಗೆಮನೆಯಲ್ಲಿ ಜಗಳ ಹತ್ತಿಕೊಂಡಿತು.

"ಅಪ್ಪ ಮಗ ಸೇರ್ಕೊಂಡು ನನ್ನ ಸುಳ್ಳಿ ಮಾಡಿಬಿಟ್ರಿ. ಬಂದ ಕೂಡಲೇ ಕೊಡ್ತೀನಿ ಅಂತ ಅಷ್ಟು ಜನಕ್ಕೆ ಮಾತು ಕೊಟ್ಟಿದ್ದೀನಿ."

"ಹದಿನೆಂಟು ಜನ ಬರ್ತಿದ್ದಾರೆ ಕಣೇ. ಪರೀಕ್ಷೆ ಮುಗೀಲಿ, ಆಮೇಲೆ ಕೊಡು. ಯಾರಿಗೆ ಏನು ನಷ್ಟ?"

"ಮೀನಿಗೆ ಗಾಳ ಹಾಕ್ದಂಗೆ ಹಾಕಿ ಕೂರಿಸ್ಕೊಳ್ಲಾ ಅವರನ್ನ?"

"ಕೊಟ್ಟ ಮೇಲೆ ಒಬ್ಬರೂ ಬರದಿದ್ರೆ? ಅಮ್ಮನ ಪರೀಕ್ಷೆ ಏನಾಗ್ಬೇಕು?"

ಡಬ್ಬಿ ಮುಚ್ಚಲೆಂದು ಬಂದವರಿಗೆ ಡಬ್ಬಿ ಮುಚ್ಚಿದ ಮೇಲೆ ಏನು ಕೆಲಸ? ಬೆಳಿಗ್ಗೆಯಿಂದ ಅವಳೂ ಅದನ್ನೇ ತಿರುತಿರುಗಿಸಿ ನೋಡಿದ್ದಳು. ಆದರೂ ಮರುದಿನ ಸಂಜೆ ಪೆಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ, ಅತ್ತೆಗಿಂತ ಮುಂಚೆಯೇ ಮನೆ ಬಿಟ್ಟಳು. ಗಂಡ ವ್ಯಾನಿನಲ್ಲಿ ಬಿಡುತ್ತೇನೆಂದದ್ದನ್ನೂ ಒಪ್ಪಲಿಲ್ಲ.

ಎಲ್ಲರೂ ಬಂದು ಕೂತ ಮೇಲೆ ಅವಳು ಬಟ್ಟೆ ಬಿಚ್ಚಿದಳು. ಮುಚ್ಚಳಗಳು ಬಂದು ಕೆಲವು ವಾರಗಳೇ ಆಗಿವೆ, ತನಗೆ ತಿಳಿದದ್ದು ನಿನ್ನೆ, ಇದು ತನ್ನ ಮನೆಯವರ ತಪ್ಪು, ಕ್ಷಮಿಸಬೇಕು ಎಂದು ಒಂದೇ ಉಸಿರಿಗೆ ಹೇಳಿದಳು. "ತಗೊಳ್ಳಿ. ಬರೋದು ಬಿಡೋದು ನಿಮಗೆ ಬಿಟ್ಟದ್ದು. ಹದಿನೈದು ಜನ ಇದ್ರೆ ಕೇಂದ್ರ ಉಳಿಯತ್ತೆ. ಅದನ್ನೂ ಮುಚ್ಚಿಡಲ್ಲ."

ಯಾರೂ ಏಳಲಿಲ್ಲ. ಕೆಳಗೆ ಅಂಗಡಿಯಲ್ಲಿ ಯಾವುದೋ ಟೈರಿಗೆ ಗಾಳಿ ತುಂಬುವ ಸದ್ದು. ಕೊನೆಯ ಬೆಂಚಿನಲ್ಲಿ ಅತ್ತೆ ಪುಸ್ತಕದಿಂದ ಕಣ್ಣೆತ್ತಲಿಲ್ಲ.

ಟೈಲರಮ್ಮ ಎದ್ದು ನಿಂತಳು. "ಟೀಚರ್, ಇದನ್ನ ನಾವಷ್ಟೇ ನೋಡಿರೋದು ತಾನೆ?"

"ಹೌದು."

"ನಮ್ಮ ಮನೆಗಳಿಗೆ ಸುದ್ದಿ ಹೋಗಿಲ್ಲ ತಾನೆ?"

"ಇಲ್ಲ."

"ಹಾಗಾದ್ರೆ ದಮ್ಮಯ್ಯ, ಮತ್ತೆ ಕಟ್ಟಿಡಿ."

"ಅಂದ್ರೆ?"

"ನಮ್ಮತ್ತೆ ದಿನಾ ಆರು ಗಂಟೆಗೆ ನನ್ನ ಕೈಯಿಂದ ಕತ್ತರಿ ಕಿತ್ಕೊಂಡು ಕಳಿಸ್ತಾರೆ. ಮುಚ್ಚಳ ಮನೆಗೆ ಬಂತು ಅಂದ್ರೆ, ನಾನು ಮನೆಯಿಂದ ಹೊರಡೋದು ಹೇಗೆ?"

"ಸತ್ಯವಾದ ಮಾತು," ಎಂದರು ಇಸ್ತ್ರಿ ಅಣ್ಣ. "ಗಣಿತ ಕಲಿಯೋಕೆ ಹೋಗ್ತೀನಿ ಅಂದ್ರೆ ನಮ್ಮಾಕೆ ಹೊಟ್ಟೆ ಹಿಡ್ಕೊಂಡು ನಗ್ತಾಳೆ. ಮುಚ್ಚಳ ತರೋಕೆ ಅಂದ್ರೆ ಇಸ್ತ್ರಿಪೆಟ್ಟಿಗೆ ತಾನೇ ಹಿಡೀತಾಳೆ. ಪರೀಕ್ಷೆ ಮುಗಿಯೋವರೆಗೂ ಇದು ಬಂದೇ ಇಲ್ಲ, ಟೀಚರ್."

"ಬಂದೇ ಇಲ್ಲ," ಎಂದಿತು ಬೆಂಚುಗಳ ಸಾಲು.

ಗೋದಾಮೊಂದರ ಕಾವಲುಗಾರ ಮಾತ್ರ ತಲೆ ಕೆರೆದುಕೊಳ್ಳುತ್ತ ಮುಂದೆ ಬಂದ. "ನನಗೊಂದು ಕೊಟ್ಬಿಡಿ ಟೀಚರ್. ನನಗೆ ಮನೇಲಿ ಯಾರೂ ಇಲ್ಲ. ಕಳಿಸೋರೂ ಇಲ್ಲ, ತಡೆಯೋರೂ ಇಲ್ಲ. ಅಕ್ಕಿಗೆ ಹುಳ ಮಾತ್ರ ಇದೆ." ಎಲ್ಲರೂ ನಕ್ಕರು. ಹೂವಿನಂಗಡಿಯಾಕೆಯೂ ಒಂದು ತೆಗೆದುಕೊಂಡಳು. ಮರುದಿನದಿಂದ ಆಕೆ ಬರಲಿಲ್ಲ. ಕಾವಲುಗಾರ ಎಂದಿನ ಜಾಗದಲ್ಲೇ ಕೂತಿದ್ದ.

ಆ ಸಂಜೆ ಮೆಟ್ಟಿಲಿಳಿಯುವಾಗ ಮೂರನೆಯ ಮೆಟ್ಟಿಲು ದಾಟಿದರೂ ಅತ್ತೆ ಮಾತಾಡಲಿಲ್ಲ. ಬೀದಿಯ ತಿರುವಿನಲ್ಲಿ ಸೊಸೆಯೇ ಕೇಳಿದಳು.

"ಅತ್ತೆ, ಕೋಪಾನಾ?"

"ಕೋಪ ಯಾತಕ್ಕೆ?"

"ನಿಮ್ಮ ಮನೇಲೇ ಇಟ್ಕೊಂಡು ನಿಮಗೆ ಹೇಳದೇ..."

"ಲೇ, ಆ ಮಂಚದ ಕೆಳಗೆ ದಿನಾ ಗುಡಿಸ್ತಿದ್ದೋಳು ಯಾರು?"

ಸೊಸೆ ನಿಂತುಬಿಟ್ಟಳು. ಅತ್ತೆ ನಾಲ್ಕು ಹೆಜ್ಜೆ ಮುಂದೆ ಹೋಗಿ, ತಾವೂ ನಿಂತು ತಿರುಗಿದರು.

"ಪೆಟ್ಟಿಗೆ ಬಂದ ಮಾರನೇ ದಿನವೇ ನೋಡ್ದೆ. ಅದಕ್ಕೇ ಮಂಡಿನೋವು ಅಂತ ಆ ಕೋಣೆ ಗುಡಿಸೋದು ಬಿಟ್ಟೆ. ಗುಡಿಸ್ತಾನೂ ಇದ್ದು, ನೋಡೇ ಇಲ್ಲ ಅಂತ ನಟಿಸೋಕಾಗತ್ತಾ?"

"ಮತ್ತೆ ಯಾಕೆ ಸುಮ್ಮನಿದ್ರಿ?"

ಅತ್ತೆ ಸೆರಗಿನಿಂದ ಕತ್ತಿನ ಬೆವರು ಒರೆಸಿಕೊಂಡರು. "ಮದುವೆಯಾದಾಗಿಂದ ಆ ಮನುಷ್ಯ ನನ್ನನ್ನ ಎಲ್ಲಿಗೂ 'ಹೋಗು' ಅಂತ ಕಳಿಸಿಲ್ಲ. ಎಲ್ಲಿಗೆ ಹೊರಟ್ರೂ 'ಬೇಗ ಬಾ' ಅಂತಾನೇ ಹೇಳಿದ್ದು. ಈಗ ದಿನಾ ಬಾಗಿಲಲ್ಲಿ ನಿಂತು 'ಹೋಗು, ಹೋಗು' ಅಂತ ಕೂಗ್ತಾರೆ. ಕೇಳೋಕೆ ಒಂಥರಾ ಚೆನ್ನಾಗಿತ್ತು." ಸ್ವಲ್ಪ ಹೊತ್ತು ನಡೆದ ಮೇಲೆ ಸೇರಿಸಿದರು: "ನನಗೆ ಮೊದಲೇ ಗೊತ್ತಿತ್ತು ಅಂತ ಅವರಿಗೆ ಹೇಳ್ಬೇಡ. ಪಾಪ, ಬಚ್ಚಿಟ್ಟ ಖುಷೀಲಿದ್ದಾರೆ."

ಪೆಟ್ಟಿಗೆ ಮತ್ತೆ ಮಂಚದ ಕೆಳಗೆ ಸೇರಿತು. ಆ ವಿಷಯ ಈಗ ಮನೆಯ ಐವರಿಗೂ ಗೊತ್ತು, ಗೊತ್ತಿದೆಯೆಂಬುದೂ ಗೊತ್ತು. ಮರುದಿನ ಆರು ಗಂಟೆಗೆ ಎಲ್ಲರೂ ಅಡುಗೆಮನೆಯಲ್ಲಿದ್ದರು. ಅತ್ತೆ ಚೀಲ ಹಿಡಿದು, ಏನನ್ನೋ ಕಾಯುವವರಂತೆ ಬಾಗಿಲ ಬಳಿ ನಿಂತಿದ್ದರು. ಮಾವ ಆಲೂಗಡ್ಡೆ ಹೆಚ್ಚುತ್ತ, ತಲೆ ಎತ್ತದೆ ಹೇಳಿದರು:

"ಏನು, ಇನ್ನೂ ಹೊರಟಿಲ್ವಾ? ಹೋಗು. ಮುಚ್ಚಳ..." ಒಮ್ಮೆ ಕೆಮ್ಮಿದರು. "ಮುಚ್ಚಳ ಬಂತೋ ಇಲ್ವೋ, ವಿಚಾರಿಸ್ಕೊಂಡು ಬಾ."

"ಆಯ್ತು ರೀ. ವಿಚಾರಿಸ್ತೀನಿ."

ಚೂಟಿ ಬಾಯಿ ತೆರೆದಳು. ಅವಳಪ್ಪ ಆ ಬಾಯಿಗೆ ಬೆಂದ ಆಲೂಗಡ್ಡೆಯ ಹೋಳೊಂದನ್ನು ಇಟ್ಟ.

ಸೊಸೆ ಆ ದಿನಗಳಲ್ಲಿ ಬೇರೊಂದು ಕೆಲಸ ಮಾಡಿದಳು. ಬಹುಮಾನದ ಹಣದಲ್ಲಿ ಉಳಿದದ್ದಕ್ಕೆ ಟೀ, ಬಿಸ್ಕತ್ತು ತರಿಸಿ, ವಿದ್ಯಾರ್ಥಿಗಳನ್ನು ದಿನವೂ ಮನೆಯಿಂದ ಕಳಿಸುವವರನ್ನು ಒಂದು ಸಂಜೆ ಮಹಡಿಗೆ ಕರೆದಳು. ಟೈಲರಮ್ಮನ ಅತ್ತೆ ಬಂದವರೇ ಕೋಣೆಯ ಮೂಲೆಮೂಲೆಯನ್ನೂ ಕಣ್ಣಲ್ಲೇ ಜಾಲಾಡಿದರು.

"ಎಲ್ಲಮ್ಮ ಮುಚ್ಚಳ?"

"ಇನ್ನೂ ಬಂದಿಲ್ಲ," ಎಂದಿತು ಇಡೀ ತರಗತಿ, ಒಂದೇ ಸ್ವರದಲ್ಲಿ. ಯಾವ ಪದ್ಯವನ್ನೂ ಅವರು ಅಷ್ಟು ಒಗ್ಗಟ್ಟಾಗಿ ಹೇಳಿರಲಿಲ್ಲ.

ಆಮೇಲೆ ಒಬ್ಬೊಬ್ಬರೂ ಎದ್ದು ಒಂದೊಂದು ಪುಟ ಓದಿದರು. ಟೈಲರಮ್ಮ ಹೃದಯದ ಕವಾಟಗಳ ಪಾಠ ಓದುವಾಗ ಅವಳ ಅತ್ತೆ ಬಿಸ್ಕತ್ತನ್ನು ಟೀಯಲ್ಲಿ ಅದ್ದಿ ಮರೆತರು. ಅದು ಮುರಿದು ಲೋಟದೊಳಗೆ ಬಿತ್ತು. ಇಸ್ತ್ರಿ ಅಣ್ಣ ಹಲಗೆಯ ಮೇಲೆ ಲೆಕ್ಕವೊಂದನ್ನು ಬಿಡಿಸಿ ತಿರುಗಿದಾಗ ಅವರ ಹೆಂಡತಿ ನಗಲಿಲ್ಲ. ಪಕ್ಕದವರಿಗೆ, "ನಮ್ಮನೆಯವರು," ಎಂದರು.

ಪರೀಕ್ಷೆಗೆ ಹದಿನಾರು ಜನ ಕೂತರು. ಫಲಿತಾಂಶ ಬಂದಾಗ ಎಲ್ಲವೂ ಸಿಹಿಯಾಗಿರಲಿಲ್ಲ: ಕಾವಲುಗಾರ ನಪಾಸಾದ, ಟೈಲರಮ್ಮನಿಗೆ ಒಂದು ವಿಷಯ ಉಳಿಯಿತು. ಅತ್ತೆ ಗಣಿತದಲ್ಲಿ ಪಾಸಿನ ಗೆರೆಯನ್ನು ಸವರಿಕೊಂಡೇ ದಾಟಿದ್ದರು; ಆದರೆ ದಾಟಿದ್ದರು. ಮುಚ್ಚಳಗಳನ್ನು ಆ ದಿನವೇ ಹಂಚಲಾಯಿತು. ಮನೆಯಲ್ಲಿ ಮಾವ ಸಕ್ಕರೆ ಡಬ್ಬಿಯನ್ನು ಮೇಜಿನ ನಡುವೆ ಇಟ್ಟು, ಮುಚ್ಚಳವನ್ನು ಎರಡೂ ಅಂಗೈಯಿಂದ ಒತ್ತಿದರು. 'ಟಪ್' ಎಂದು ಕೂತಿತು.

"ಇರುವೆಗಳಿಗೆ ಶಾಲೆ ಬಿಡ್ತು," ಎಂದಳು ಚೂಟಿ.

ದಾಸ್ತಾನು ಕೋಣೆಯ ಕುರ್ಚಿ ಅತ್ತೆಗೆ ಸಿಕ್ಕಿತು. ಮೊದಲ ದಿನ ಕೆ‍ಲಸ ಮುಗಿಸಿ ಬಂದವರು ಊಟಕ್ಕೆ ಕೂತು ಹೇಳಿದರು: "ಕುರ್ಚಿ ಚೆನ್ನಾಗಿದೆ. ಬೆನ್ನಿಗೆ ದಿಂಬೂ ಇದೆ. ಆದ್ರೆ ಅದರ ಮುಂದೆ ಒಂದು ಕಂಪ್ಯೂಟರ್ ಇದೆ."

"ಅದಕ್ಕೇನು?" ಎಂದರು ಮಾವ.

"ಅದಕ್ಕೆ ನಾನು ಅಂದ್ರೆ ಏನೋ ಭಯ. ಮುಟ್ಟಿದ್ರೆ ಆರಿಹೋಗತ್ತೆ."

"ಮುಂದಿನ ಸೋಮವಾರದಿಂದ ಕೇಂದ್ರದಲ್ಲಿ ಕಂಪ್ಯೂಟರ್ ತರಗತಿ ಶುರುವಾಗತ್ತೆ ಅತ್ತೆ," ಎಂದಳು ಸೊಸೆ. "ಟೈಲರಮ್ಮ, ಇಸ್ತ್ರಿ ಅಣ್ಣ ಇಬ್ಬರೂ ಹೆಸರು ಕೊಟ್ಟಿದ್ದಾರೆ. ಈ ಸಲ ಬಹುಮಾನ ಏನೂ ಇಲ್ಲ."

ಅತ್ತೆ ಗಂಡನ ಮುಖ ನೋಡಿದರು. "ಬೇಡ ಬಿಡು. ಪರೀಕ್ಷೆ ಆಯ್ತು, ಕುರ್ಚಿ ಬಂತು. ಇನ್ನೂ ಎಷ್ಟು ದಿನ ಇವರು ಒಲೆ ಮುಂದೆ ನಿಲ್ಲೋದು?"

ಮಾವ ಅನ್ನಕ್ಕೆ ಬೇಳೆ ಸುರಿದುಕೊಂಡು, ಊಟ ಮುಗಿಸಿ ಎದ್ದರು.

ಸೋಮವಾರ ಸಂಜೆ ಸೊಸೆ ಚಪ್ಪಲಿ ಮೆಟ್ಟುತ್ತಿದ್ದಳು. ಅತ್ತೆ ಅಡುಗೆಮನೆಯಲ್ಲಿ ಈರುಳ್ಳಿ ಬಿಡಿಸುತ್ತಿದ್ದರು. ಚೀಲ ಮೊಳೆಯಲ್ಲೇ ತೂಗುತ್ತಿತ್ತು. ಅಂಗಡಿಯಿಂದ ಬಂದ ಮಾವ ನೇರವಾಗಿ ಕಪಾಟಿನ ಬಳಿ ಹೋದರು. ಸಕ್ಕರೆ ಡಬ್ಬಿಯನ್ನು ಕೆಳಗಿಳಿಸಿ, ಕಷ್ಟಪಟ್ಟು ಮುಚ್ಚಳ ಕಿತ್ತರು. ಅದನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಿದರು. ಆಮೇಲೆ ಹೆಂಡತಿಯ ಕೈಯಿಂದ ಈರುಳ್ಳಿ ತೆಗೆದಿಟ್ಟು, ಆ ಕೈಗೆ ಮುಚ್ಚಳ ಕೊಟ್ಟರು.

"ಇದು ಸರಿಯಾಗಿ ಕೂರ್ತಿಲ್ಲ ಕಣೇ. ಹೋಗು, ಬದಲಾಯಿಸ್ಕೊಂಡು ಬಾ."